ಎಲೆಗೊಂದು ಸೌಟು

ಉಡುಪಿ ಜಿಲ್ಲೆಯ ಕುಂಭಾಶಿಯಿಂದ ಬೆಂಗಳೂರಿಗೆ ರಸ್ತೆಯಲ್ಲಿ ಹೋದರೆ ಸುಮಾರು 400 ಕಿಲೋಮೀಟರ್. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಲೆಕ್ಕ ಹಾಕಿದರೆ, ಅಲ್ಲಿನ ಆನೆಗುಡ್ಡೆಯ ಬುಡದ ಮನೆಯೊಂದರಲ್ಲಿ ಆಡಿದ ಮಾತು ಬೆಂಗಳೂರು ಮುಟ್ಟಲು 2 ಮಿಲಿಸೆಕೆಂಡ್ ಸಾಕು. ಕೇಬಲ್ಲು ಊರೂರು ಬಳಸಿಕೊಂಡು ಹೋಗುತ್ತದೆ, ನಡುವೆ ಹತ್ತಾರು ಯಂತ್ರಗಳಿವೆ, ಮೊಬೈಲ್ ಟವರಿನ ಗಾಳಿಯ ದಾರಿಯೂ ಒಂದಿಷ್ಟು ಹೊತ್ತು ತಿನ್ನುತ್ತದೆ ಎಂದು ಧಾರಾಳವಾಗಿ ಹಿಡಿದರೂ ಲೆಕ್ಕ ಕೆಲವು ಹತ್ತು ಮಿಲಿಸೆಕೆಂಡುಗಳಲ್ಲಿ ಮುಗಿಯಬೇಕು. ಆದರೆ ಅದೇ ಮನೆಯಲ್ಲಿ ಯಾರದೋ ಫೋನು ಮದುವೆಯ ಫೋಟೊಗಳನ್ನು ಗೂಗಲ್‌ಗೆ ಏರಿಸುತ್ತಿರುವ ಹೊತ್ತಿನಲ್ಲಿ ವಾಟ್ಸ್ಆ್ಯಪ್ ಕರೆ ಮಾಡಿದರೆ ಮಾತು ಆಚೆ ಮುಟ್ಟಲು ಒಂದೆರಡು ಸೆಕೆಂಡ್ ಹಿಡಿಯುವುದುಂಟು. ಇಬ್ಬರೂ ಒಟ್ಟಿಗೇ ಮಾತಾಡುತ್ತಾರೆ, ಒಟ್ಟಿಗೇ ನಿಲ್ಲಿಸುತ್ತಾರೆ, ಕೊನೆಗೆ ಕರೆ ಕತ್ತರಿಸುತ್ತಾರೆ. ಬೆಳಕಿಗೆ 2 ಮಿಲಿಸೆಕೆಂಡಿನ ದಾರಿಯಲ್ಲಿ ಆ ಮಾತು ಉಳಿದ ಸಾವಿರ ಚಿಲ್ಲರೆ ಮಿಲಿಸೆಕೆಂಡು ಎಲ್ಲಿತ್ತು? ದಾರಿಯಲ್ಲಿ ಇರಲಿಲ್ಲ. ಮನೆಯ ರೂಟರಿನಲ್ಲೋ ಮೋಡೆಮಿನಲ್ಲೋ ಫೋಟೊಗಳ ಹಿಂದೆ ಸಾಲಿನಲ್ಲಿ ನಿಂತಿತ್ತು. ಹಳ್ಳಿಗಳ ಇಂಟರ್ನೆಟ್ ಬಗ್ಗೆ ದೂರುವಾಗ ನಾವು ವೇಗದ ಮಾತನ್ನಷ್ಟೇ ಆಡುತ್ತೇವೆ. ಬಹಳ ಸಲ ಕೆಟ್ಟಿರುವುದು ವೇಗವಲ್ಲ, ಸಾಲು. ಸಾಲು ನಡೆಸುವ ಕ್ರಮ ಸರಿಯಾದರೆ, ಏರಿಳಿಯುವ ಈ ವೇಗದಲ್ಲೇ ಒಂದು ಮನೆಯ ಐದಾರು ಜನ ಜಗಳವಿಲ್ಲದೆ ಹಂಚಿಕೊಳ್ಳಬಹುದು ಎಂದು ನಾನು ಹೇಳಹೊರಟಿದ್ದೇನೆ.

ಇದಕ್ಕೆ ಸಾಕ್ಷಿ ನಮ್ಮ ಕೈಯಲ್ಲೇ ಇದೆ. ವಾಟ್ಸ್ಆ್ಯಪ್ ಕರೆ ಮುರಿದು ಮುರಿದು ಕೇಳುವ ಅದೇ ಫೋನಿನಲ್ಲಿ, ಅದೇ ಜಾಗದಲ್ಲಿ ನಿಂತು, ಅದೇ ಟವರಿನ ಮೂಲಕ ಮಾಮೂಲಿ ಕರೆ ಮಾಡಿದರೆ ಅದು ಎಷ್ಟೋ ಸಲ ಸ್ವಚ್ಛವಾಗಿ ಕೇಳುತ್ತದೆ. 4ಜಿ ಜಾಲದ ಮಾಮೂಲಿ ಕರೆ, ಅಂದರೆ ವೋಲ್ಟೆ, ಇಂಟರ್ನೆಟ್ಟಿನ ಹಾಗೆಯೇ ಪ್ಯಾಕೆಟ್ ಎಂಬ ಚಿಕ್ಕ ಪೊಟ್ಟಣಗಳಾಗಿ ಹೋಗುತ್ತದೆ. ಆದರೆ ಅದಕ್ಕೆ ಕಂಪನಿ ಬೇರೆಯದೇ ಸಾಲು ಕಟ್ಟಿಕೊಟ್ಟಿರುತ್ತದೆ. ವಾಟ್ಸ್ಆ್ಯಪ್ ಮಾತು ಫೋಟೊ, ವಿಡಿಯೊ, ಅಪ್‌ಡೇಟುಗಳ ಜತೆಗೆ ಸಾಮಾನ್ಯ ಸಾಲಿನಲ್ಲಿ ನಿಲ್ಲುತ್ತದೆ. ಸಿಗ್ನಲ್ ಒಂದೇ, ಟವರ್ ಒಂದೇ, ಸಾಲು ಮಾತ್ರ ಬೇರೆ. ಧ್ವನಿ ಕರೆಗೆ ಬೇಕಾಗುವುದು ಸೆಕೆಂಡಿಗೆ 100 ಕಿಲೋಬಿಟ್ಟಿಗೂ ಕಡಿಮೆ. 10 ಮೆಗಾಬಿಟ್ ಸಂಪರ್ಕದಲ್ಲಿ ಅದು ನೂರರಲ್ಲಿ ಒಂದು ಪಾಲೂ ಆಗದು. ಅಷ್ಟು ಚಿಕ್ಕದಕ್ಕೆ ಜಾಗ ಸಾಲದೆ ಹೋಗುತ್ತಿಲ್ಲ, ಸರದಿ ಸಿಗುತ್ತಿಲ್ಲ. ಮಾತು ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡಿನೊಳಗೆ ಮುಟ್ಟಿದರೆ ಸಂಭಾಷಣೆ ಸಹಜವಾಗಿರುತ್ತದೆ ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾನದಂಡ ಹೇಳುತ್ತದೆ. ದೂರದ ಲೆಕ್ಕದಲ್ಲಿ ನೋಡಿದರೆ ಕುಂಭಾಶಿಯಿಂದ ದುಬೈಯೂ ಈ ಮಿತಿಯೊಳಗೆ ಆರಾಮವಾಗಿ ಬರುತ್ತದೆ.

ಸಾಲು ಇಷ್ಟು ಉದ್ದವಾದದ್ದು ಒಳ್ಳೆಯ ಉದ್ದೇಶದಿಂದಲೇ. ಬಂದ ಪೊಟ್ಟಣಗಳನ್ನು ಒಡನೆ ಕಳಿಸಲಾಗದಿದ್ದರೆ ಯಂತ್ರ ಅವನ್ನು ನೆನಪಿನ ಚಿಪ್ಪಿನಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಳ್ಳುತ್ತದೆ. ಈ ತಂಗುದಾಣಕ್ಕೆ ಬಫರ್ ಎನ್ನುತ್ತಾರೆ. ಚಿಪ್ಪು ಅಗ್ಗವಾದ ಹಾಗೆ ತಯಾರಕರು ತಂಗುದಾಣವನ್ನು ದೊಡ್ಡದು ಮಾಡುತ್ತ ಹೋದರು. ಪೊಟ್ಟಣ ಬಿಸಾಡುವುದು ಪಾಪ, ಉಳಿಸಿಕೊಳ್ಳುವುದು ಪುಣ್ಯ ಎಂಬ ಎಣಿಕೆ ಇತ್ತು. ಆದರೆ ಇಂಟರ್ನೆಟ್ ನಡೆಯುವುದೇ ಬಿಸಾಡುವುದರಿಂದ. 1986ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಿಂದ 400 ಗಜ ದೂರದ ವಿಶ್ವವಿದ್ಯಾಲಯಕ್ಕೆ ಇದ್ದ ಸಂಪರ್ಕ ಸೆಕೆಂಡಿಗೆ 32 ಸಾವಿರ ಬಿಟ್ಟಿನಿಂದ 40 ಬಿಟ್ಟಿಗೆ ಕುಸಿಯಿತು. ಎಲ್ಲರೂ ಒಟ್ಟಿಗೆ ಕಳಿಸುತ್ತ, ಮುಟ್ಟಲಿಲ್ಲವೆಂದು ಮತ್ತೆ ಮತ್ತೆ ಕಳಿಸುತ್ತ ದಾರಿಯನ್ನೇ ಹೂತುಹಾಕಿದ್ದರು. ಸಂಶೋಧಕ ವ್ಯಾನ್ ಜೇಕಬ್ಸನ್ 1988ರಲ್ಲಿ ಕೊಟ್ಟ ಮದ್ದು ಇಂದಿಗೂ ಪ್ರತಿ ಫೋನಿನಲ್ಲಿ ಕೆಲಸ ಮಾಡುತ್ತಿದೆ: ಪೊಟ್ಟಣ ಕಳೆದುಹೋಯಿತು ಎಂದರೆ ದಾರಿ ತುಂಬಿದೆ ಎಂದು ತಿಳಿದು, ಕಳಿಸುವವನು ತಾನಾಗಿ ವೇಗ ತಗ್ಗಿಸಬೇಕು. ತಂಗುದಾಣ ಅತಿ ದೊಡ್ಡದಾದರೆ ಪೊಟ್ಟಣ ಕಳೆಯುವುದೇ ಇಲ್ಲ, ಕಳಿಸುವವನಿಗೆ ಸುದ್ದಿ ಮುಟ್ಟುವುದೇ ಇಲ್ಲ. ಅವನು ಇನ್ನೂ ಸುರಿಯುತ್ತಾನೆ, ಸಾಲು ಇನ್ನೂ ಬೆಳೆಯುತ್ತದೆ. ಜಿಮ್ ಗೆಟಿಸ್ ಎಂಬ ತಂತ್ರಜ್ಞ 2010ರಲ್ಲಿ ತನ್ನ ಮನೆಯ ಸಂಪರ್ಕದಲ್ಲೇ ಸೆಕೆಂಡಿಗೂ ಮೀರಿದ ವಿಳಂಬ ಕಂಡು ಬೇರು ಹುಡುಕುತ್ತ ಹೋದಾಗ ಸಿಕ್ಕದ್ದು ಇದು. ಆತ ಅದನ್ನು ಬಫರ್‌ಬ್ಲೋಟ್ ಎಂದು ಕರೆದ. ತಂಗುದಾಣದ ಬಾವು ಎನ್ನಬಹುದು.

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕುಂಭಾಶಿಯಿಂದ ದಕ್ಷಿಣಕ್ಕೆ ಹೋದರೆ ಸಾಸ್ತಾನದಲ್ಲಿ ಟೋಲ್‌ಗೇಟ್ ಸಿಗುತ್ತದೆ. ಅಲ್ಲಿ ವಾಹನ ನಿಲ್ಲುವ ಜಾಗವನ್ನು ಎರಡು ಪಟ್ಟು ಉದ್ದ ಮಾಡಿದರೆ ಗಂಟೆಗೆ ದಾಟುವ ವಾಹನಗಳ ಸಂಖ್ಯೆ ಒಂದೂ ಹೆಚ್ಚುವುದಿಲ್ಲ. ಆಂಬುಲೆನ್ಸ್ ಕಾಯುವ ಹೊತ್ತು ಮಾತ್ರ ಎರಡು ಪಟ್ಟಾಗುತ್ತದೆ. ಬಫರಿನ ವಿಷಯ ಇಷ್ಟೇ.

ಆದರೆ ನಮ್ಮ ಕಡೆಯ ಸಂಪರ್ಕಗಳಲ್ಲಿ ಟೋಲ್‌ಗೇಟಿನ ದ್ವಾರಗಳ ಸಂಖ್ಯೆಯೇ ನಿಮಿಷ ನಿಮಿಷಕ್ಕೆ ಬದಲಾಗುತ್ತದೆ. ಫೈಬರ್ ಎಳೆದಿರುವ ಮನೆಗಳಲ್ಲಿ ವೇಗ ಹೆಚ್ಚುಕಡಿಮೆ ಸ್ಥಿರ. ಕೇಬಲ್ ಮುಟ್ಟದ, ತೋಟದ ನಡುವಿನ ಮನೆಗಳು 4ಜಿ ಡಾಂಗಲ್, ಮೊಬೈಲ್ ಹಾಟ್‌ಸ್ಪಾಟ್, ಈಚೆಗೆ 2023ರಿಂದ ಏರ್‌ಫೈಬರ್ ಎಂಬ ಹೆಸರಿನ 5ಜಿ ಸಂಪರ್ಕಗಳನ್ನು ನೆಚ್ಚಿಕೊಂಡಿವೆ. ಇವುಗಳ ವೇಗ ಒಂದೇ ದಿನ 40 ಮೆಗಾಬಿಟ್ಟಿನಿಂದ 2ಕ್ಕೆ ಇಳಿದು ಮತ್ತೆ ಏರಬಹುದು. ಮಳೆಯೇ ಇದಕ್ಕೆ ಕಾರಣ ಎಂದು ಜನ ಹೇಳುತ್ತಾರೆ. ಅದು ಅರ್ಧ ನಿಜ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಈ ಜಿಲ್ಲೆಯಲ್ಲೂ 4ಜಿ ಅಲೆಗಳನ್ನು ಮಳೆಹನಿ ಅಷ್ಟಾಗಿ ತಡೆಯುವುದಿಲ್ಲ. ಆದರೆ ಟವರಿನಿಂದ ಟವರಿಗೆ ಮೈಕ್ರೋವೇವ್ ಕೊಂಡಿ ಇರುವಲ್ಲಿ, 10 ಗಿಗಾಹರ್ಟ್ಸ್‌ಗೂ ಮೇಲಿನ ಆ ಅಲೆಗಳನ್ನು ಜೋರು ಮಳೆ ನಿಜವಾಗಿಯೂ ನುಂಗುತ್ತದೆ. ಒದ್ದೆ ಮರಗಳ ದಟ್ಟಣೆ, ಕರೆಂಟು ಹೋಗುವುದು ಇವೆಲ್ಲ ಸೇರಿಕೊಳ್ಳುತ್ತವೆ. ಎಲ್ಲಕ್ಕಿಂತ ದೊಡ್ಡ ಕಾರಣ ಅಕ್ಕಪಕ್ಕದ ಜನ. ಸಂಕಷ್ಟಿಯ ದಿನ, ಚೌತಿಯ ದಿನ ಆನೆಗುಡ್ಡೆಯ ವಿನಾಯಕನ ದರ್ಶನಕ್ಕೆ ಬಂದವರೆಲ್ಲ ಅದೇ ಟವರಿನ ಮೇಲೆ ಫೋಟೊ ಕಳಿಸಿದರೆ ಪ್ರತಿಯೊಬ್ಬರ ಪಾಲೂ ಕಿರಿದಾಗಲೇಬೇಕು. ಗಂಗೊಳ್ಳಿಯ ಅಳಿವೆಯಲ್ಲಿ ದೋಣಿಯವರು ಭರತ ಇಳಿತ ನೋಡಿಕೊಂಡು ಒಳಗೆ ಬರುವಂತೆ, ಇಲ್ಲಿಯೂ ದಾರಿಯ ಆಳ ಇದ್ದ ಹಾಗೆ ಇರುವುದಿಲ್ಲ ಎಂದು ಒಪ್ಪಿಕೊಂಡೇ ವ್ಯವಸ್ಥೆ ಕಟ್ಟಬೇಕು.

ಏರಿಳಿಯುವ ವೇಗಕ್ಕೆ ದೊಡ್ಡ ಬಫರ್ ಸೇರಿದರೆ ಏನಾಗುತ್ತದೆ ನೋಡಿ. 10 ಲಕ್ಷ ಬೈಟ್ ಹಿಡಿಯುವ ತಂಗುದಾಣವೆಂದರೆ 80 ಲಕ್ಷ ಬಿಟ್. 100 ಮೆಗಾಬಿಟ್ ವೇಗದಲ್ಲಿ ಅದು 80 ಮಿಲಿಸೆಕೆಂಡಿನಲ್ಲಿ ಖಾಲಿಯಾಗುತ್ತದೆ, ಯಾರಿಗೂ ಗೊತ್ತಾಗದು. 10 ಮೆಗಾಬಿಟ್ಟಿನಲ್ಲಿ ಮುಕ್ಕಾಲು ಸೆಕೆಂಡಿಗೂ ಹೆಚ್ಚು. 2 ಮೆಗಾಬಿಟ್ಟಿಗೆ ಇಳಿದ ಗಳಿಗೆಯಲ್ಲಿ ಪೂರ್ತಿ 4 ಸೆಕೆಂಡ್. ತಂಗುದಾಣ ಅದೇ, ಅಳತೆ ಅದೇ. ಕಾಯುವ ಹೊತ್ತು ಐವತ್ತು ಪಟ್ಟು. ಸಾಲನ್ನು ಉದ್ದದಲ್ಲಿ ಅಳೆಯುವುದೇ ತಪ್ಪು, ಹೊತ್ತಿನಲ್ಲಿ ಅಳೆಯಬೇಕು ಎಂಬ ಮಾತು ಇಲ್ಲಿಂದ ಹೊರಡುತ್ತದೆ. ಈಗ ಹೇಳಿದರೆ ಸರಳವಾಗಿ ಕಾಣುವ ಈ ಮಾತನ್ನು ಗಟ್ಟಿ ವಿಧಾನವಾಗಿ ಕಟ್ಟಿಕೊಡಲು 2012ರವರೆಗೆ ಕಾಯಬೇಕಾಯಿತು. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಅದೇ ವ್ಯಾನ್ ಜೇಕಬ್ಸನ್ ಆ ವರ್ಷ ಕೋಡೆಲ್ ಎಂಬ ವಿಧಾನ ಪ್ರಕಟಿಸಿದರು. ಪ್ರತಿ ಪೊಟ್ಟಣ ಸಾಲಿನಲ್ಲಿ ಎಷ್ಟು ಹೊತ್ತು ನಿಂತಿತು ಎಂದು ಅದು ನೋಡುತ್ತದೆ. ಒಮ್ಮೆಗೇ ನುಗ್ಗಿ ಬಂದು ಕರಗಿಹೋಗುವ ಸಾಲನ್ನು ಮುಟ್ಟುವುದಿಲ್ಲ. 100 ಮಿಲಿಸೆಕೆಂಡ್ ಕಳೆದರೂ ಕಾಯುವ ಹೊತ್ತು ಒಮ್ಮೆಯೂ 5 ಮಿಲಿಸೆಕೆಂಡಿಗಿಂತ ಕೆಳಗೆ ಬಾರದಿದ್ದರೆ, ಇದು ನಿಂತ ನೀರು ಎಂದು ತಿಳಿದು ಒಂದು ಪೊಟ್ಟಣ ಬಿಸಾಡುತ್ತದೆ; ಸುಧಾರಿಸದಿದ್ದರೆ ಇನ್ನೂ ಬೇಗ ಬೇಗ ಬಿಸಾಡುತ್ತದೆ. ಸಂಪರ್ಕದ ವೇಗ ಎಷ್ಟೆಂದು ಅದಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗಾಗಿಯೇ ಏರಿಳಿತದ ದಾರಿಗಳಿಗೆ ಅದು ಹೊಂದುತ್ತದೆ.

ವಿಳಂಬ ತಗ್ಗಿತು ಎಂದರೆ ಹಂಚಿಕೆ ನ್ಯಾಯವಾಯಿತು ಎಂದಲ್ಲ. ಸಾಲು ಗಿಡ್ಡವಾಗಿದ್ದರೂ ಅದರಲ್ಲಿ ಮುಕ್ಕಾಲು ಪಾಲು ಒಬ್ಬನದೇ ಇರಬಹುದು. ಇಲ್ಲಿ ನಮಗೆ ಬಹಳ ಹಳೆಯ, ಬಹಳ ಚೆನ್ನಾಗಿ ಗೊತ್ತಿರುವ ಕ್ರಮವೊಂದು ನೆರವಿಗೆ ಬರುತ್ತದೆ: ಊಟದ ಪಂಕ್ತಿ. ಅನ್ನದ ಪಾತ್ರೆ ಹಿಡಿದು ಬಂದವರು ಮೊದಲ ಎಲೆಗೇ ಪಾತ್ರೆ ಬಗ್ಗಿಸುವುದಿಲ್ಲ. ಎಲೆಗೊಂದು ಸೌಟು ಹಾಕುತ್ತ ಕೊನೆಯವರೆಗೆ ಹೋಗಿ, ಮತ್ತೆ ಮೊದಲಿನಿಂದ ಬರುತ್ತಾರೆ. ಸ್ವಲ್ಪವೇ ಉಣ್ಣುವ ಅಜ್ಜಿ ಎರಡನೇ ಸುತ್ತಿಗೆ ಕೈ ಅಡ್ಡ ಹಿಡಿಯುತ್ತಾರೆ. ಅವರಿಗೆ ಬೇಕಾದಷ್ಟೂ ಸಿಕ್ಕಿತು. ಅವರು ಬಿಟ್ಟದ್ದು ಹಸಿದ ಹುಡುಗರಿಗೆ ಸಮನಾಗಿ ಹೋಗುತ್ತದೆ. ಅನ್ನ ಎಷ್ಟಿದೆ ಎಂದು ಮೊದಲೇ ಗೊತ್ತಿಲ್ಲದಿದ್ದರೂ ಈ ಕ್ರಮ ಕೆಡುವುದಿಲ್ಲ. ಜಾಲಶಾಸ್ತ್ರದಲ್ಲಿ ಇದೇ ಮಾತನ್ನು 1985ರಲ್ಲಿ ಜಾನ್ ನೇಗಲ್ ಬರೆದರು: ಕಳಿಸುವ ಪ್ರತಿ ಯಂತ್ರಕ್ಕೂ ಒಂದೊಂದು ಸಾಲು ಮಾಡಿ, ಸುತ್ತು ಸುತ್ತಾಗಿ ಒಂದೊಂದು ಪೊಟ್ಟಣ ಎತ್ತಿ. ಆಗ ಹೆಚ್ಚು ಸುರಿಯುವವನ ಸಾಲು ಮಾತ್ರ ಉದ್ದವಾಗುತ್ತದೆ, ದುರಾಸೆಯ ಫಲ ಅವನಿಗೇ ತಟ್ಟುತ್ತದೆ. ಪೊಟ್ಟಣಗಳ ಗಾತ್ರ ಒಂದೇ ಇರುವುದಿಲ್ಲವಲ್ಲ ಎಂಬ ತೊಡಕನ್ನು 1989ರಲ್ಲಿ ಡೆಮರ್ಸ್, ದೆಹಲಿ ಐಐಟಿಯಲ್ಲಿ ಓದಿದ ಎಸ್. ಕೇಶವ್ ಮತ್ತು ಶೆಂಕರ್ ಬಿಡಿಸಿದರು. ಅದನ್ನು ಅಗ್ಗದ ಯಂತ್ರದಲ್ಲೂ ಓಡಿಸಬಹುದಾದ ಲೆಕ್ಕವಾಗಿ 1995ರಲ್ಲಿ ಎಂ. ಶ್ರೀಧರ್ ಮತ್ತು ಬಾಂಬೆ ಐಐಟಿಯಲ್ಲಿ ಓದಿದ ಜಾರ್ಜ್ ವರ್ಗೀಸ್ ಸರಳಗೊಳಿಸಿದರು. ಈ ಸೌಟಿನ ಲೆಕ್ಕಕ್ಕೆ ಕೋಡೆಲ್ ಸೇರಿಸಿದ ವಿಧಾನ 2012ರಿಂದ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್‌ನ ಒಳಗಿದೆ. ಅದರಲ್ಲಿ ಇನ್ನೊಂದು ಜಾಣತನವಿದೆ: ಈಗಷ್ಟೇ ಬಂದು ಕೂತ ಎಲೆಗೆ ಮೊದಲ ಸೌಟು ತಕ್ಷಣ. ಧ್ವನಿ ಕರೆಯ ಪೊಟ್ಟಣಗಳು ಬಿಡಿಬಿಡಿಯಾಗಿ, ಚಿಕ್ಕಚಿಕ್ಕದಾಗಿ ಬರುವುದರಿಂದ ಅವು ಸದಾ ಹೊಸ ಎಲೆಯಂತೆಯೇ ಕಾಣುತ್ತವೆ, ಕಾಯದೆ ದಾಟುತ್ತವೆ.

ಪಂಕ್ತಿಯಲ್ಲಿ ಒಬ್ಬನೇ ಎಂಟು ಎಲೆ ಹಾಕಿಕೊಂಡು ಕೂತರೆ? ಎಲೆಗೊಂದು ಸೌಟು ಎಂಬ ನಿಯಮ ಮುರಿಯದೆಯೇ ಎಂಟು ಪಾಲು ಅವನಿಗೆ ಹೋಗುತ್ತದೆ. ಇಂಟರ್ನೆಟ್ಟಿನಲ್ಲಿ ಇದು ದಿನನಿತ್ಯದ ಸಂಗತಿ. ಟೊರೆಂಟ್ ತಂತ್ರಾಂಶ ಹತ್ತಾರು ಸಂಪರ್ಕಗಳನ್ನು ಒಟ್ಟಿಗೆ ತೆರೆಯುತ್ತದೆ, ಆಟಗಳ ಅಪ್‌ಡೇಟ್ ಕೂಡ ಹಾಗೆಯೇ; ಪಕ್ಕದ ಕೋಣೆಯಲ್ಲಿ ಮಗು ಒಂದೇ ಸಂಪರ್ಕದಲ್ಲಿ ಪಾಠ ಕೇಳುತ್ತಿರುತ್ತದೆ. ಬಾಬ್ ಬ್ರಿಸ್ಕೊ ಎಂಬ ವಿದ್ವಾಂಸರು 2007ರಲ್ಲಿ ಇದನ್ನೇ ಹಿಡಿದು, ಸಂಪರ್ಕಗಳ ನಡುವಿನ ಸಮಾನತೆಗೆ ನ್ಯಾಯವೆಂಬ ಹೆಸರೇ ಸಲ್ಲದು ಎಂದು ವಾದಿಸಿದರು. ಆಕ್ಷೇಪ ತೂಕದ್ದು. ಅದಕ್ಕೆ ಮನೆಯ ಮಟ್ಟದಲ್ಲಿ ಸಿಕ್ಕಿರುವ ಉತ್ತರ ಕೇಕ್ ಎಂಬ ವಿಧಾನ. ಜೊನಾಥನ್ ಮಾರ್ಟನ್, ಡೇವ್ ಟಾಟ್, ಟೋಕೆ ಹೊಯ್ಲಂಡ್ ಯೋರ್ಗೆನ್ಸನ್ ಮೊದಲಾದವರು ಬೆಳೆಸಿದ ಇದು 2018ರಲ್ಲಿ ಲಿನಕ್ಸ್ ಸೇರಿತು. ಅದು ಮೊದಲು ಮನೆಯ ಯಂತ್ರಗಳ ನಡುವೆ ಸಮ ಹಂಚುತ್ತದೆ, ಆಮೇಲೆ ಒಂದೊಂದು ಯಂತ್ರದ ಸಂಪರ್ಕಗಳ ನಡುವೆ. ಎಂಟು ಎಲೆ ಹಾಕಿದವನಿಗೆ ಒಬ್ಬನ ಪಾಲೇ ಎಂಟು ಎಲೆಗೆ ಹರಡುತ್ತದೆ. ಅದಕ್ಕೂ ಮೂವತ್ತಮೂರು ವರ್ಷ ಹಿಂದೆ ನೇಗಲ್ ಹೇಳಿದ್ದೂ ಯಂತ್ರಕ್ಕೊಂದು ಸಾಲು ಎಂದೇ. ಇಬ್ಬರು ಮೂರು ಮೂರು ಯಂತ್ರ ಇಟ್ಟುಕೊಂಡರೆ ಈ ಲೆಕ್ಕವೂ ಸ್ವಲ್ಪ ಬಾಗುತ್ತದೆ, ನಿಜ. ಆದರೆ ನೂರಾರು ಸಂಪರ್ಕ ತೆರೆಯುವಷ್ಟು ಸುಲಭವಾಗಿ ಯಾರೂ ನೂರು ಫೋನು ಕೊಳ್ಳುವುದಿಲ್ಲ.

ವೈಫೈಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ನಮ್ಮ ಹಳೆಯ ಮನೆಗಳ ದಪ್ಪ ಕೆಂಪುಕಲ್ಲಿನ ಗೋಡೆಗಳಾಚೆ ಇರುವ ಫೋನು ರೂಟರಿನ ಜತೆ ನಿಧಾನವಾಗಿಯೇ ಮಾತಾಡಬಲ್ಲದು. ಒಂದೇ ಸೌಟು ಮುಟ್ಟಿಸಲು ಬಡಿಸುವವರು ಹಿತ್ತಿಲವರೆಗೆ ನಡೆದು ಬಂದ ಹಾಗೆ. ಅಷ್ಟು ಹೊತ್ತು ಉಳಿದ ಎಲೆಗಳು ಕಾಯುತ್ತವೆ. ಸೌಟು ಸಮನಾಗಬೇಕೋ, ಬಡಿಸುವವರ ಸಮಯ ಸಮನಾಗಬೇಕೋ? 2017ರಲ್ಲಿ ಯೋರ್ಗೆನ್ಸನ್ ಮತ್ತು ಸಂಗಡಿಗರು ಲಿನಕ್ಸ್‌ನ ವೈಫೈಗಾಗಿ ಸಮಯವನ್ನೇ ಸಮ ಹಂಚುವ ಕ್ರಮ ತೋರಿಸಿದರು. ಎಲ್ಲರ ಒಟ್ಟು ಲಾಭ ಅದರಲ್ಲಿ ಹೆಚ್ಚು. ದೂರದ ಕೋಣೆಯವರಿಗೆ ಪಾಲು ಕಡಿಮೆಯಾಗುತ್ತದೆ ಎಂಬುದನ್ನು ಮುಚ್ಚಿಡಬಾರದು. ಅದಕ್ಕೆ ಪರಿಹಾರ ಸಾಲಿನಲ್ಲಿಲ್ಲ, ರೂಟರನ್ನು ನಡುಮನೆಗೆ ತರುವುದರಲ್ಲಿದೆ.

ಇಷ್ಟೆಲ್ಲ ಇದ್ದೂ ಮೊಬೈಲ್ ಸಂಪರ್ಕದ ಮನೆಗೆ ಉಪಯೋಗವಾಗಲಿಲ್ಲ, ಏಕೆಂದರೆ ಸಾಲು ಬೆಳೆಯುವುದು ನಮ್ಮ ರೂಟರಿನಲ್ಲಲ್ಲ, ಟವರಿನಲ್ಲಿ ಮತ್ತು ಮೋಡೆಮಿನ ಹೊಟ್ಟೆಯಲ್ಲಿ. ಅಲ್ಲಿನ ಸೌಟು ನಮ್ಮ ಕೈಯಲ್ಲಿಲ್ಲ. ಆದರೆ ಒಂದು ವಿಷಯ ಗಮನಿಸಬೇಕು. 4ಜಿ ಟವರ್ ತನ್ನ ಗ್ರಾಹಕರನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸುವುದಿಲ್ಲ. ಪ್ರತಿ ಗ್ರಾಹಕನಿಗೂ ಬೇರೆ ಸಾಲು ಇಟ್ಟು, ಅವರ ನಡುವೆ ಗಾಳಿಯ ಹೊತ್ತನ್ನು ಹಂಚುತ್ತದೆ. ನೆರೆಮನೆಯವರಿಂದ ನಮ್ಮ ವೇಗ ತಗ್ಗಬಹುದು, ಆದರೆ ನಮ್ಮ ಕರೆಯ ಮುಂದೆ ನಿಂತ ಆ ಉದ್ದ ಸಾಲು ನಮ್ಮ ಮನೆಯದೇ ಸಾಮಾನು. ಅಂದಮೇಲೆ ನಾವೇ ಅದನ್ನು ತಡೆಯಬಹುದು. ಟವರ್ ಕೊಡಬಲ್ಲ ವೇಗಕ್ಕಿಂತ ಒಂದಿಷ್ಟು ಕಡಿಮೆಗೆ ನಮ್ಮ ರೂಟರನ್ನು ಕಟ್ಟಿಹಾಕಿದರೆ ಅಲ್ಲಿ ಸಾಲು ಹುಟ್ಟುವುದೇ ಇಲ್ಲ. ಇಲ್ಲಿ, ಕೇಕ್‌ನ ಪಂಕ್ತಿಯಲ್ಲಿ ಹುಟ್ಟುತ್ತದೆ. ಆದರೆ ಟವರ್ ಕೊಡುವ ವೇಗ ಈಗ 30 ಮೆಗಾಬಿಟ್, ಇನ್ನೊಂದು ಗಳಿಗೆಗೆ 6. ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ರೂಟರ್ ತಂತ್ರಾಂಶದ ಬಳಕೆದಾರರು ಇದಕ್ಕಾಗಿ ಕೇಕ್-ಆಟೋರೇಟ್ ಎಂಬ ಚಿಕ್ಕ ಕಾರ್ಯಕ್ರಮ ಕಟ್ಟಿದ್ದಾರೆ. ಅದು ಹೊರಗಿನ ಕೆಲವು ಸರ್ವರುಗಳಿಗೆ ಸೆಕೆಂಡಿಗೆ ಹಲವು ಸಲ ಕೂಗು ಹಾಕಿ, ಮರುದನಿ ಎಷ್ಟು ಹೊತ್ತಿಗೆ ಬಂತು ಎಂದು ನೋಡುತ್ತದೆ. ಸಂಪರ್ಕ ದುಡಿಯುತ್ತಿದ್ದು ಮರುದನಿ ತಡವಾಗತೊಡಗಿದರೆ ಮಿತಿಯನ್ನು ಥಟ್ಟನೆ ಇಳಿಸುತ್ತದೆ. ತಡವಿಲ್ಲದಿದ್ದರೆ ಮೆಲ್ಲಗೆ ಏರಿಸುತ್ತದೆ. ಬಳಕೆ ನಿಂತಾಗ ನಾವು ಹೇಳಿಟ್ಟ ಮಧ್ಯಮ ವೇಗಕ್ಕೆ ಮರಳುತ್ತದೆ. ಅಳಿವೆಯಲ್ಲಿ ಆಳ ನೋಡುತ್ತ ದೋಣಿ ನಡೆಸುವ ರೀತಿ ಇದು.

ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳುವ ಬದಲು ದೊಡ್ಡ ಪ್ಲಾನ್ ಹಾಕಿಸಬಾರದೇ ಎನ್ನುವವರಿದ್ದಾರೆ. ಫೈಬರ್ ಸಿಗುವಲ್ಲಿ ಹಾಕಿಸಲಿ, ತಪ್ಪಿಲ್ಲ. ಆದರೆ ಮೊಬೈಲ್ ಸಂಪರ್ಕದಲ್ಲಿ ಪ್ಲಾನಿನ ಹಾಳೆಯ ಮೇಲಿನ ಸಂಖ್ಯೆ ಟವರಿನ ಶಕ್ತಿಯನ್ನು ಹೆಚ್ಚಿಸುವುದಿಲ್ಲ, ದೊಡ್ಡ ಕಡತದ ಸಾಗಣೆ ಎಷ್ಟು ಅಗಲದ ದಾರಿ ಕೊಟ್ಟರೂ ಅದನ್ನು ತುಂಬಲು ನೋಡುತ್ತದೆ. ಹೆಚ್ಚಿನ ವೇಗದಿಂದ ಸಾಗಣೆ ಬೇಗ ಮುಗಿಯುತ್ತದೆ. ನಡೆಯುತ್ತಿರುವಷ್ಟು ಹೊತ್ತು ಕರೆ ಹಾಳಾಗುವುದು ತಪ್ಪುವುದಿಲ್ಲ. ಇರುವ ವೇಗದಲ್ಲೂ ಒಂದು ಪಾಲನ್ನು ಬಿಟ್ಟುಕೊಡುವುದು ನಷ್ಟವಲ್ಲವೇ ಎಂಬುದು ಎರಡನೆಯ ಆಕ್ಷೇಪ. ನಷ್ಟವೇ. ಏರಿಳಿತ ಹೆಚ್ಚಾದಷ್ಟೂ ಬಿಟ್ಟುಕೊಡುವ ಪಾಲೂ ಹೆಚ್ಚು. ಹತ್ತು ನಿಮಿಷದ ಡೌನ್‌ಲೋಡು ಹನ್ನೆರಡಾಗಬಹುದು. ಆ ಎರಡು ನಿಮಿಷಕ್ಕೆ ಪ್ರತಿಯಾಗಿ ಮನೆಯವರೆಲ್ಲರ ಕರೆ, ಪಾಠ, ಕಚೇರಿ ಕೆಲಸ ಉಳಿಯುತ್ತದೆ ಎಂದರೆ ನನಗೆ ಅದು ದುಬಾರಿಯಾಗಿ ಕಾಣುವುದಿಲ್ಲ. ಅಳತೆಯೇ ಮೋಸ ಹೋಗಬಹುದಲ್ಲ, ಕೂಗಿಗೆ ಓಗೊಡುವ ಸರ್ವರೇ ನಿಧಾನವಾಗಿದ್ದರೆ ಎಂದು ಬಲ್ಲವರು ಕೇಳುತ್ತಾರೆ. ಹಾಗಾಗದಿರಲೆಂದೇ ಒಂದಲ್ಲ, ಹಲವು ಸರ್ವರುಗಳನ್ನು ಕೇಳಿ, ಹಲವು ಕಡೆ ಒಟ್ಟಿಗೆ ತಡವಾದಾಗ ಮಾತ್ರ ನಂಬುವ ಏರ್ಪಾಡು ಇದೆ. ಆದರೂ ಟವರಿನಲ್ಲೇ ತಾನಾಗಿ ಹುಟ್ಟುವ ಏರುಪೇರನ್ನು ನಮ್ಮ ಸಾಲೆಂದು ಅದು ತಪ್ಪು ತಿಳಿಯುವುದುಂಟು. ಮಿತಿಗಳನ್ನು ಒಮ್ಮೆ ಕೈಯಾರೆ ಹೊಂದಿಸಿಕೊಳ್ಳಬೇಕು. ಹೊರಗಿನಿಂದ ಬರುವ ದಟ್ಟಣೆಯನ್ನು ಅದು ಬಂದು ಮುಟ್ಟಿದ ಮೇಲೆ ತಡೆಯುವುದು ಅರೆಮನಸ್ಸಿನ ಪರಿಹಾರ ಎಂಬುದೂ ಸರಿ. ಇಲ್ಲಿ ಒಂದು ಪೊಟ್ಟಣ ಬಿದ್ದರೆ ಅಲ್ಲಿ ಕಳಿಸುವವನು ತಗ್ಗುತ್ತಾನೆ ಎಂಬ 1988ರ ಒಪ್ಪಂದವನ್ನೇ ಅದು ನೆಚ್ಚಿಕೊಂಡಿದೆ. ಕಂಪನಿಗಳೇ ಟವರಿನಲ್ಲಿ, ಮೋಡೆಮಿನಲ್ಲಿ ಇದನ್ನು ಮಾಡಬೇಕು. ಅವರು ಮಾಡುವವರೆಗೆ ಮನೆಯವರು ಕಾಯಬೇಕೆಂದೇನಿಲ್ಲ.

ಕೊನೆಯ ಆಕ್ಷೇಪ ಹೆಚ್ಚು ಗಂಭೀರ. ಎಲ್ಲರಿಗೂ ಸಮ ಏಕೆ, ಮುಖ್ಯವಾದದ್ದಕ್ಕೆ ಮೊದಲ ಮಣೆ ಹಾಕಿದರೆ ಸಾಲದೇ? ವೋಲ್ಟೆಗೆ ಕಂಪನಿ ಹಾಕಿದ ಹಾಗೆ ಪಾಠಕ್ಕೆ, ಕಚೇರಿಗೆ ಹಾಕೋಣ ಎನ್ನಬಹುದು. ಯಾವುದು ಮುಖ್ಯ ಎಂದು ಹೇಳುವವರು ಯಾರು ಎಂಬಲ್ಲಿ ತೊಡಕು ಶುರುವಾಗುತ್ತದೆ. ಪಂಕ್ತಿಯ ಮಾತು ಬಂದಾಗ ಪಂಕ್ತಿಭೇದದ ಮಾತೂ ಬರಲೇಬೇಕು. ಕರಾವಳಿಗೆ ಅದು ಹೊಸದಲ್ಲ, ಅದರ ನೋವೂ ಹೊಸದಲ್ಲ. ಯಾರು ಎಂದು ಕೇಳಿ ಬಡಿಸಲು ಹೊರಟರೆ ಏನಾಗುತ್ತದೆ ಎಂದು ನಾವು ಕಂಡಿದ್ದೇವೆ. ಜಾಲದಲ್ಲಿ ಯಾವ ಜಾಲತಾಣಕ್ಕೂ ಬೇರೆ ದರ ಇರಕೂಡದು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2016ರ ಫೆಬ್ರವರಿಯಲ್ಲಿ ನಿಯಮ ಮಾಡಿತು. 2018ರಲ್ಲಿ ಕೇಂದ್ರ ಸರ್ಕಾರ ವೇಗದಲ್ಲೂ ಭೇದ ಸಲ್ಲದೆಂಬ ಶಿಫಾರಸನ್ನು ಒಪ್ಪಿತು. ಎಲೆಗೊಂದು ಸೌಟಿನ ಕ್ರಮ ಈ ತತ್ವಕ್ಕೆ ಒಗ್ಗುತ್ತದೆ. ಧ್ವನಿ ಕರೆ ಯಾವ ಕಂಪನಿಯದು ಎಂದು ಅದು ಕೇಳುವುದಿಲ್ಲ, ಪೊಟ್ಟಣವನ್ನು ಬಿಚ್ಚಿ ನೋಡುವುದಿಲ್ಲ. ಕಡಿಮೆ ಕೇಳಿದವರಿಗೆ ಕಾಯಿಸದೆ ಕೊಡುತ್ತದೆ, ಅಷ್ಟೇ. ಮುಖ್ಯವಾದ ಬಹುತೇಕ ಕೆಲಸಗಳು, ಅಂದರೆ ಮಾತು, ಅರ್ಜಿ ತುಂಬುವುದು, ಬ್ಯಾಂಕಿನ ಒಟಿಪಿ, ಎಲ್ಲವೂ ಕಡಿಮೆ ಕೇಳುವಂಥವೇ. ಮೊದಲ ಮಣೆ ಬೇಡದೆಯೇ ಅವು ಬದುಕಿಕೊಳ್ಳುತ್ತವೆ.

ಮನೆಯವರು ಮೊದಲು ಮಾಡಬೇಕಾದದ್ದು ಖರ್ಚಿಲ್ಲದ ಒಂದು ಪರೀಕ್ಷೆ. ಸ್ಪೀಡ್‌ಟೆಸ್ಟ್ ಆ್ಯಪ್ ಈಗ ಬಿಡುವಿನ ಹೊತ್ತಿನ ವಿಳಂಬವನ್ನೂ ಸಂಪರ್ಕ ತುಂಬಿದ ಹೊತ್ತಿನ ವಿಳಂಬವನ್ನೂ ಬೇರೆ ಬೇರೆ ತೋರಿಸುತ್ತದೆ. ಮೊದಲನೆಯದು 40 ಮಿಲಿಸೆಕೆಂಡ್, ಎರಡನೆಯದು 900 ಎಂದು ಬಂದರೆ ಕಾಯಿಲೆ ಸಾಲಿನದು. ಕಂಪನಿ ಕೊಟ್ಟ ರೂಟರಿನಲ್ಲಿ ಹೊಸ ತಂತ್ರಾಂಶ ಹಾಕಲು ಸಾಮಾನ್ಯವಾಗಿ ಬಿಡುವುದಿಲ್ಲ. ಅದರ ಹಿಂದೆ ಓಪನ್‌ಡಬ್ಲ್ಯುಆರ್‌ಟಿ ಓಡಬಲ್ಲ ಇನ್ನೊಂದು ರೂಟರನ್ನು ತಂತಿಯಲ್ಲಿ ಜೋಡಿಸಿ, ಮನೆಯ ಎಲ್ಲ ಫೋನುಗಳನ್ನೂ ಅದಕ್ಕೆ ಸೇರಿಸಬೇಕು. ಕೆಲವೇ ಹತ್ತು ಮೆಗಾಬಿಟ್ಟಿನ ಸಂಪರ್ಕಕ್ಕೆ ಸಾಧಾರಣ ರೂಟರೂ ಸಾಕು. ತಂತ್ರಾಂಶಕ್ಕೆ ದುಡ್ಡಿಲ್ಲ. 2021ರ ಜೂನಿನಲ್ಲಿ ಸುಳ್ಯ ತಾಲೂಕಿನ ಗುತ್ತಿಗಾರಿನ ಕಡೆ, ಮಳೆಯಲ್ಲಿ ರಸ್ತೆ ಬದಿ ಕೂತು ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರವನ್ನು ನಾಡೆಲ್ಲ ನೋಡಿತು. ಸಿಗ್ನಲ್ಲೇ ಇಲ್ಲದ ಅಂಥ ಊರಿಗೆ ಯಾವ ಸಾಲಿನ ವಿದ್ಯೆಯೂ ಟವರ್ ತಂದುಕೊಡದು. ಸಿಗ್ನಲ್ ಬಂದು ಮುಟ್ಟಿರುವ ಊರುಗಳಲ್ಲಿ ಮಾತ್ರ ಇನ್ನು ಉಳಿದಿರುವ ಕೆಲಸ ಇದು, ಮತ್ತು ಅದನ್ನು ಶುರುಮಾಡಲು ಮನೆಗಿಂತ ಒಳ್ಳೆಯ ಜಾಗ ಗ್ರಾಮ ಪಂಚಾಯತ್‌ಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳು. ಅಲ್ಲಿ ಒಂದೇ ಸಂಪರ್ಕದ ಮೇಲೆ ಹಲವು ಕಂಪ್ಯೂಟರುಗಳಿರುತ್ತವೆ. ಒಂದರಲ್ಲಿ ವಿಂಡೋಸ್ ತನ್ನಷ್ಟಕ್ಕೆ ಅಪ್‌ಡೇಟ್ ಆಗುತ್ತಿರುವಾಗ ಪಕ್ಕದಲ್ಲಿ ಕೂತ ಹುಡುಗಿ ವಿದ್ಯಾರ್ಥಿವೇತನದ ಅರ್ಜಿಯ ಕೊನೆಯ ಪುಟ ತುಂಬುತ್ತಿರುತ್ತಾಳೆ. ಅವಳು ಒತ್ತಿದ ಒಂದು ಗುಂಡಿಯ ಸುದ್ದಿ ಆಚೆ ಮುಟ್ಟಲು ಬೇಕಾದದ್ದು ಒಂದೇ ಒಂದು ಸೌಟು, ಪುಟದ ಅವಧಿ ಮುಗಿಯುವುದರೊಳಗೆ.